ಗಣವಿಚಾರ

ಕಳೆದ ವರ್ಷ ಜೂನ್ ತಿಂಗಳಿನ ಒಂದು ಸಂಜೆ. ನಾನು ಸಂಧ್ಯಾವಂದನೆಯನ್ನು ಮುಗಿಸಿ ಜಗುಲಿಗೆ ಬರುವ ವೇಳೆಗೆ ನನ್ನ ಮೊಮ್ಮಗಳು ಗಣಿತದ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಕಣ್ಣೊರಸಿಕೊಳ್ಳುತ್ತ ಕುಳಿತಿದ್ದಳು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿ ಒಳ್ಳೆಯ ಅಂಕಗಳನ್ನು ಪಡೆದ ಹುಡುಗಿ, ಪ್ರಥಮ ಪಿ.ಯು.ಸಿ.ಗೆ ಸೇರಿ ಇನ್ನೂ ಹದಿನೈದು ದಿನಗಳಾಗಿರಲಿಲ್ಲ. “ತಾತ, ನನಗೆ ಸೈನ್ಸ್ ಬೇಡ. ಅಪ್ಪನಿಗೆ ನೀನೇ ಹೇಳಿಬಿಡು. ಮೊದಲನೆಯ ಪಾಠವೇ ತಲೆಗೆ ಹತ್ತಲಿಲ್ಲ” ಎಂದಳು. ಅದಾವ ಪಾಠವೆಂದು ಕೇಳಿದೆನು. “ಸೆಟ್ಸ್” ಎಂದಳು.

ಗಣಿತಕ್ಕೂ ನನಗೂ ಬಾಲ್ಯದಿಂದ ಎಣ್ಣೆ ಸೀಗೆಕಾಯಿಯ ಸಂಬಂಧ. ಪಾಠಶಾಲೆಯಲ್ಲಿ ವ್ಯಾಕರಣ ಕಾವ್ಯಗಳನ್ನು ಓದಿ, ಮೂವತ್ತು ವರ್ಷಗಳಿಗೂ ಮಿಕ್ಕಿ ಪ್ರೌಢಶಾಲೆಯ ಮಕ್ಕಳಿಗೆ ಸಂಸ್ಕೃತವನ್ನೂ ಕನ್ನಡವನ್ನೂ ಹೇಳಿಕೊಟ್ಟು ನಿವೃತ್ತನಾದವನು ನಾನು. ಈ ಪ್ರಾಯದಲ್ಲಿ ಅವಳಿಗೆ ಏನು ಹೇಳಬಲ್ಲೆನು? ನೆರೆಮನೆಯಲ್ಲಿರುವ ಗಣಿತದ ಉಪಾಧ್ಯಾಯರನ್ನು ವಿಚಾರಿಸಿದೆನು. “ಕನ್ನಡದಲ್ಲಿ ಅದಕ್ಕೆ ಗಣವೆನ್ನುತ್ತೇವೆ, ಸ್ವಾಮಿ” ಎಂದರು. ಆ ಒಂದು ಮಾತಿನಿಂದ ನನಗೆ ಧೈರ್ಯ ಬಂದಿತು. ಗಣವೆಂಬುದು ನಮ್ಮ ಮನೆಯ ಮಾತಲ್ಲವೆ?

ಪಾಣಿನಿಯ ಸೂತ್ರಗಳಿಗೆ ಅಂಗವಾಗಿ ಗಣಪಾಠವೆಂಬುದೊಂದು ಉಂಟು. ಒಂದೇ ಕಾರ್ಯವನ್ನು ಹೊಂದುವ ಶಬ್ದಗಳನ್ನು ಅಲ್ಲಿ ಒಟ್ಟುಗೂಡಿಸಿದೆ. ಸರ್ವಾದಿ ಗಣವೆಂದರೆ ಸರ್ವ, ವಿಶ್ವ, ಉಭ, ಉಭಯ ಮೊದಲಾದವು. ಮೊಮ್ಮಗಳ ಪುಸ್ತಕದಲ್ಲಿಯೂ ಮೊದಲು ಹೇಳಿದ್ದು ಇದನ್ನೇ: ಗಣಾಂಶಗಳನ್ನೆಲ್ಲ ಎಣಿಸಿ ಬರೆಯುವುದು ಒಂದು ರೀತಿ, ಅವೆಲ್ಲಕ್ಕೂ ಸಮಾನವಾದ ಲಕ್ಷಣವನ್ನು ಹೇಳುವುದು ಮತ್ತೊಂದು ರೀತಿ. ಆದರೆ ವೈಯಾಕರಣರ ಆಕೃತಿಗಣದಲ್ಲಿ ಕೆಲವು ಶಬ್ದಗಳನ್ನು ಹೇಳಿ, ಇಂಥವೇ ಮಿಕ್ಕವೂ ಸೇರುವುವೆಂದು ಬಿಟ್ಟುಬಿಡುತ್ತಾರೆ. ಗಣಿತಜ್ಞನು ಅಷ್ಟು ಸಡಿಲವನ್ನು ಒಪ್ಪುವುದಿಲ್ಲ. ಯಾವ ವಸ್ತುವನ್ನು ತಂದು ಮುಂದಿಟ್ಟರೂ ಅದು ಗಣದೊಳಗೋ ಹೊರಗೋ ಎಂಬುದು ನಿಶ್ಚಿತವಾಗಿರಬೇಕು. ನಮ್ಮೂರಿನ ಶಾಲೆಯಲ್ಲಿ ಈ ವರ್ಷ ಹೆಸರು ದಾಖಲಾದ ಮಕ್ಕಳು ಒಂದು ಗಣ. ನಮ್ಮೂರಿನ ಸಜ್ಜನರು ಗಣವಲ್ಲ. “ಏಕೆ ತಾತ?” ಎಂದಳು. “ಸಜ್ಜನರ ಪಟ್ಟಿಯಲ್ಲಿ ನನ್ನ ಹೆಸರು ಇದೆಯೋ ಇಲ್ಲವೋ ಎಂದು ನಿನ್ನ ಅಜ್ಜಿಯನ್ನು ಕೇಳು, ಬೆಳಗ್ಗೆ ಒಂದು ಉತ್ತರ, ಸಂಜೆ ಮತ್ತೊಂದು” ಎಂದೆನು. ಹುಡುಗಿ ಆ ದಿನ ಮೊದಲ ಬಾರಿ ನಕ್ಕಳು.

ಮರುದಿನ ಮಾಹೇಶ್ವರ ಸೂತ್ರಗಳನ್ನು ಹಲಗೆಯ ಮೇಲೆ ಬರೆದೆನು. ಅವು 14. ಅವುಗಳಿಂದ ಅಚ್ ಎಂದರೆ 9 ಸ್ವರಗಳು. ಹಲ್ ಎಂದರೆ ವ್ಯಂಜನಗಳು. ಅವಳು ಹಲ್ಲಿನ ಅಕ್ಷರಗಳನ್ನು ಎಣಿಸಿ 34 ಎಂದಳು. ಹಕಾರವು ಐದನೆಯ ಸೂತ್ರದಲ್ಲೊಮ್ಮೆ, ಕಡೆಯ ಸೂತ್ರದಲ್ಲೊಮ್ಮೆ, ಹೀಗೆ ಎರಡು ಸಲ ಬಂದಿರುವುದನ್ನು ತೋರಿಸಿದೆನು. ಥಟ್ಟನೆ, “ಗಣದಲ್ಲಿ ಒಂದೇ ಅಂಶವನ್ನು ಎರಡು ಸಲ ಬರೆದರೂ ಅದು ಒಂದೇ; ಹಾಗಾದರೆ 33” ಎಂದಳು. ಇನ್ನು ಅಟ್ ಎಂಬ ಪ್ರತ್ಯಾಹಾರ. ಅದರಲ್ಲಿ 9 ಸ್ವರಗಳೂ ಹ, ಯ, ವ, ರ ಎಂಬ ನಾಲ್ಕು ವ್ಯಂಜನಗಳೂ ಸೇರಿ 13 ಅಕ್ಷರಗಳು. ಅಟ್ಟನ್ನೂ ಹಲ್ಲನ್ನೂ ಕೂಡಿಸಿದರೆ ಎಷ್ಟು? 13ಕ್ಕೆ 33ನ್ನು ಕೂಡಿಸಿ 46 ಎನ್ನಲಾಗದು. ಎರಡರಲ್ಲಿಯೂ ಇರುವ ಆ ನಾಲ್ಕನ್ನು ಎರಡಾವರ್ತಿ ಎಣಿಸಿದಂತಾಯಿತು. ನಾಲ್ಕನ್ನು ಕಳೆಯಬೇಕು, 42. ಕೂಡಿಸಿದುದು ಸಂಯೋಗ, ಎರಡಕ್ಕೂ ಸಮಾನವಾದುದು ಛೇದನ. ಇದನ್ನು ಅವಳೇ ವೃತ್ತಗಳನ್ನು ಬರೆದು ನನಗೆ ವಿವರಿಸಿದಳು. ಆ ಚಿತ್ರಗಳನ್ನು 1880ರಲ್ಲಿ ಬಳಕೆಗೆ ತಂದವನು ಜಾನ್ ವೆನ್ ಎಂಬ ಆಂಗ್ಲೇಯನಂತೆ. ಅದೇ ಪಾಠದಲ್ಲಿ ಬರುವ ಡಿ ಮಾರ್ಗನ್ ಎಂಬವನು ಹುಟ್ಟಿದ್ದು 1806ರಲ್ಲಿ, ನಮ್ಮ ಮಧುರೆಯಲ್ಲಿ.

ಇದೆಲ್ಲವೂ ನಮ್ಮ ಪೂರ್ವಿಕರಿಗೆ ಮೊದಲೇ ತಿಳಿದಿತ್ತೆಂದು ಹೇಳುವ ಹಟ ನನಗಿಲ್ಲ. ಪರಿಚಯದ ಮಾತಿನಿಂದ ಅಪರಿಚಿತವಾದುದರ ಬಾಗಿಲನ್ನು ತಟ್ಟಿದೆನು, ಅಷ್ಟೆ. ಈ ಶಾಸ್ತ್ರವನ್ನು ಕಟ್ಟಿದವನು ಜರ್ಮನಿಯ ಹಾಲೆ ಎಂಬ ಊರಿನಲ್ಲಿ ಅಧ್ಯಾಪಕನಾಗಿದ್ದ ಗಿಯಾರ್ಗ್ ಕ್ಯಾಂಟರ್. ಅವನ ಯುಕ್ತಿ ನಮ್ಮ ಸಂತರ್ಪಣೆಯ ಪಂಕ್ತಿಯಲ್ಲಿಯೂ ಕಾಣುವಂಥದು: ಒಂದೊಂದು ಎಲೆಗೂ ಒಬ್ಬೊಬ್ಬರು ಕುಳಿತು, ಎಲೆಯೂ ಉಳಿಯದೆ ಜನರೂ ಉಳಿಯದೆ ಇದ್ದರೆ, ಎಣಿಸದೆಯೇ ಎರಡೂ ಸಮವೆಂದು ಹೇಳಬಹುದು. ಅನಂತವಾದ ಗಣಗಳನ್ನೂ ಅವನು ಹೀಗೆಯೇ ಜೋಡಿಸಿ ನೋಡಿದನು. 1ಕ್ಕೆ 2, 2ಕ್ಕೆ 4, 3ಕ್ಕೆ 6, ಹೀಗೆ ಜೋಡಿಸುತ್ತ ಹೋದರೆ ಸಮಸಂಖ್ಯೆಗಳು ಎಣಿಕೆಯ ಸಂಖ್ಯೆಗಳಷ್ಟೇ ಇರುವುವು! ಆದರೆ ಸರಳರೇಖೆಯ ಮೇಲಿನ ಬಿಂದುಗಳನ್ನು ಹೀಗೆ ಜೋಡಿಸಿ ಮುಗಿಸಲು ಸಾಧ್ಯವೇ ಇಲ್ಲವೆಂದು 1874ರಲ್ಲಿ ಸಾಧಿಸಿ ತೋರಿಸಿದನು. ಅನಂತದಲ್ಲಿಯೂ ಹಿರಿದು ಕಿರಿದು ಉಂಟೆಂಬುದನ್ನು ಕೇಳಿ, ಆ ರಾತ್ರಿ ನನಗೆ ಬಹಳ ಹೊತ್ತು ನಿದ್ರೆ ಬರಲಿಲ್ಲ.

ಇಷ್ಟಾದರೂ ಒಂದು ಮಾತು ಅವಳಿಗೆ ಒಗ್ಗಲಿಲ್ಲ. ಏನೂ ಇಲ್ಲದ ಶೂನ್ಯಗಣವು ಎಲ್ಲ ಗಣಗಳಿಗೂ ಉಪಗಣವಂತೆ. “ಏನೂ ಇಲ್ಲದ್ದು ಇನ್ನೊಂದರೊಳಗೆ ಇರುವುದು ಹೇಗೆ ತಾತ?” ಎಂದು ಕೇಳಿದಳು. ಆಕಾಶಕುಸುಮಗಳ ಗಣ, ಮೊಲದ ಕೊಂಬುಗಳ ಗಣ, ಇವೆರಡೂ ಬೇರೆಯಲ್ಲ, ಒಂದೇ, ಏಕೆಂದರೆ ಗಣವನ್ನು ಬೇರ್ಪಡಿಸುವುದು ಅದರ ಹೆಸರಲ್ಲ, ಅದರ ಅಂಶಗಳು, ಎಂದು ವಿವರಿಸಿದೆನು. ಇದು ಉಪಗಣವಲ್ಲವೆನ್ನಬೇಕಾದರೆ, ಇದರಲ್ಲಿದ್ದು ಅದರಲ್ಲಿಲ್ಲದ ಅಂಶವೊಂದನ್ನು ತೋರಿಸಬೇಕು. ತೋರಿಸಲು ಇದರಲ್ಲಿ ಏನಿದೆ ಎಂದು ತರ್ಕವನ್ನೂ ಹೂಡಿದೆನು. ತಲೆಯಾಡಿಸಿದಳು; ಮುಖ ಅರಳಲಿಲ್ಲ.

ಆಗ ನನಗೆ ಛಂದಸ್ಸಿನ ಗಣಗಳು ನೆನಪಾದುವು. ಮೂರು ಅಕ್ಷರಗಳ ಮೂರು ಸ್ಥಾನಗಳು. ಗುರುವು ಯಾವ ಯಾವ ಸ್ಥಾನದಲ್ಲಿದೆಯೋ ಆ ಸ್ಥಾನಗಳನ್ನು ಆರಿಸು ಎಂದೆನು. ಮೊದಲನೆಯದು ಮಾತ್ರವಾದರೆ ಭಗಣ, ನಡುವಿನದಾದರೆ ಜಗಣ, ಕಡೆಯದಾದರೆ ಸಗಣ. ಮೊದಲೆರಡಾದರೆ ತಗಣ, ಮೊದಲು ಕಡೆಗಳಾದರೆ ರಗಣ, ಕಡೆಯ ಎರಡಾದರೆ ಯಗಣ. ಮೂರೂ ಆದರೆ ಮಗಣ. “ಒಂದನ್ನೂ ಆರಿಸದಿದ್ದರೆ?” ಎಂದೆನು. “ನಗಣ! ಅದೇ ಶೂನ್ಯಗಣ! ಅದನ್ನು ಬಿಟ್ಟರೆ ಏಳೇ ಆಗುತ್ತವೆ!” ಎಂದು ಎದ್ದು ನಿಂತಳು. ಬಳಿಕ ಅವಳೇ ಹೇಳಿದಳು: “ಒಂದೊಂದು ಸ್ಥಾನಕ್ಕೂ ಎರಡೆರಡು ದಾರಿ, ಆರಿಸುವುದು ಇಲ್ಲವೆ ಬಿಡುವುದು. ಎರಡೆರಡಲ ನಾಲ್ಕು, ನಾಲ್ಕೆರಡಲ ಎಂಟು. ಅದಕ್ಕೇ ಎಂಟು, ತಾತ!”

ನಾನು ಮಾತಾಡಲಿಲ್ಲ. ಇಪ್ಪತ್ತೈದು ವರ್ಷಗಳ ಹಿಂದಿನ ಒಂದು ಮಧ್ಯಾಹ್ನ ಕಣ್ಣ ಮುಂದೆ ಬಂದು ನಿಂತಿತು. ಒಂಬತ್ತನೆಯ ತರಗತಿಯಲ್ಲಿ ಇದೇ ಗಣಗಳ ಪಾಠ. ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದು, “ಸಾರ್, ಎಂಟೇ ಏಕೆ? ಒಂಬತ್ತು ಏಕಾಗಬಾರದು?” ಎಂದು ಕೇಳಿದನು. ಪ್ರಸ್ತಾರವನ್ನು ತಪ್ಪಿಲ್ಲದೆ ಬರೆಯಬಲ್ಲವನಾಗಿದ್ದೆನು. ಅದು ಎಂಟಕ್ಕೇ ಏಕೆ ಮುಗಿಯುವುದೆಂದು ಒಂದು ದಿನವೂ ಯೋಚಿಸಿರಲಿಲ್ಲ. ತಿಳಿಯದೆಂದು ಹೇಳುವ ಬದಲು, “ಹಿರಿಯರು ಎಂಟೆಂದರೆ ಎಂಟು, ಅಧಿಕಪ್ರಸಂಗ ಬೇಡ” ಎಂದು ಗದರಿಸಿ, ಗಂಟೆ ಬಾರಿಸುವವರೆಗೆ ಅವನನ್ನು ನಿಲ್ಲಿಸಿದೆನು. ತರಗತಿ ನಕ್ಕಿತು. ಆ ವರ್ಷವೆಲ್ಲ ಅವನು ನನ್ನನ್ನು ಮತ್ತೊಂದು ಪ್ರಶ್ನೆ ಕೇಳಲಿಲ್ಲ. ಅದನ್ನು ಅಂದು ಶಿಸ್ತೆಂದು ಎಣಿಸಿ ಸಂತೋಷಪಟ್ಟೆನು.

ಮೊಮ್ಮಗಳು ವಿಜ್ಞಾನವನ್ನು ಬಿಡಲಿಲ್ಲ. ಈಗ ಎರಡನೆಯ ವರ್ಷದಲ್ಲಿದ್ದಾಳೆ. ಅವಳ ಕಣ್ಣೀರನ್ನು ಒರಸಿದೆನೆಂಬ ತೃಪ್ತಿಯೊಡನೆ, ಇನ್ನೊಬ್ಬನ ಪ್ರಶ್ನೆಯನ್ನು ಬಾಯಲ್ಲಿಯೇ ಅಡಗಿಸಿದೆನೆಂಬ ನೋವೂ ನನ್ನಲ್ಲಿ ಉಳಿದಿದೆ. ಆ ಹುಡುಗನು ಈಗ ನಡುವಯಸ್ಸಿನ ಗೃಹಸ್ಥನಾಗಿರಬೇಕು, ಎಲ್ಲಿರುವನೋ ತಿಳಿಯದು. ಈ ಪತ್ರಿಕೆ ಅವನ ಮನೆಗೂ ಬರುತ್ತಿದ್ದರೆ ಅವನಿಗೆ ನನ್ನ ಅರಿಕೆಯಿಷ್ಟು: ಅಪ್ಪಾ, ನಿನ್ನ ಪ್ರಶ್ನೆ ಸರಿಯಾಗಿತ್ತು. ಉತ್ತರವನ್ನು ಮೇಲೆ ಬರೆದಿದ್ದೇನೆ. ತಡವಾದುದನ್ನು ಮನ್ನಿಸು.