ದಿನದ ಕಿರ್ದಿ

ದಿನದ ಖರ್ಚನ್ನು ಕೈಯಾರೆ ಬರೆದಿಡುವ ಮನೆಗಳು ಈಗಲೂ ಇವೆ. ಕೆಲವರು ಬ್ಯಾಂಕಿನವರು ಕೊಟ್ಟ ಹಳೆಯ ಡೈರಿಯಲ್ಲಿ ಬರೆಯುತ್ತಾರೆ, ಕೆಲವರು ಮಕ್ಕಳು ಅರ್ಧಕ್ಕೆ ಬಿಟ್ಟ ನೋಟ್‌ಬುಕ್ಕಿನಲ್ಲಿ. ನಾನು ಮಾತ್ರ ಕೆಂಪು ರಟ್ಟಿನ ಉದ್ದನೆಯ ಕಿರ್ದಿ ಪುಸ್ತಕವನ್ನೇ ಹುಡುಕಿ ತರುತ್ತೇನೆ. ಎಡಕ್ಕೆ ಜಮಾ, ಬಲಕ್ಕೆ ಖರ್ಚು, ಕೆಳಗೆ ಶಿಲ್ಕು. ರಾತ್ರಿ ಅಡುಗೆಕಟ್ಟೆ ಒರೆಸಿ ಬಂದು ಊಟದ ಮೇಜಿನ ಮೇಲೆ ಅದನ್ನು ಬಿಚ್ಚಿದರೆ ಹತ್ತು ನಿಮಿಷದ ಕೆಲಸ. ದಿನವೆಲ್ಲ ಯಾರ್‍ಯಾರದೋ ಕೈಗೆ ಹಂಚಿಹೋಗಿದ್ದ ನನ್ನ ದಿನ ಆ ಹತ್ತು ನಿಮಿಷದಲ್ಲಿ ನನಗೆ ವಾಪಸ್ಸು ಸಿಗುತ್ತದೆ.

“ಎಲ್ಲಾ ಫೋನಲ್ಲೇ ಇರತ್ತಲ್ಲಮ್ಮಾ, ಮತ್ತೆ ಯಾಕೆ ಬರೀತೀಯ?” ಅನ್ನುತ್ತಾಳೆ ಮಗಳು. ನ್ಯಾಯವಾದ ಪ್ರಶ್ನೆಯೇ. 2016ರಲ್ಲಿ ಯುಪಿಐ ಬಂದಾಗಿನಿಂದ ನಮ್ಮ ಬೀದಿಯ ವ್ಯವಹಾರದ ರೀತಿಯೇ ಬದಲಾಗಿದೆ. ಸೊಪ್ಪಿನವಳ ಬುಟ್ಟಿಯ ಪಕ್ಕದಲ್ಲೂ ಸ್ಕ್ಯಾನ್ ಮಾಡುವ ಹಾಳೆ ನಿಂತಿದೆ, ಹಣ ಬಂತೆಂದು ಪುಟ್ಟ ಡಬ್ಬಿ ಕೂಗಿ ಹೇಳುತ್ತದೆ. ಚಿಲ್ಲರೆಗಾಗಿ ಪರದಾಡುವ ಕಷ್ಟ ತಪ್ಪಿತು, ಅದು ಸಣ್ಣ ಉಪಕಾರವಲ್ಲ. ಆದರೆ ಮೊದಲು ದುಡ್ಡು ಕೊಡುವಾಗ ಪರ್ಸು ತೆಗೆಯಬೇಕಿತ್ತು, ನೋಟು ಎಣಿಸಬೇಕಿತ್ತು, ಉಳಿದ ಚಿಲ್ಲರೆಗೆ ಕಾಯಬೇಕಿತ್ತು. ‘ಇದು ನಿಜವಾಗಿ ಬೇಕಾ’ ಎಂದು ಒಮ್ಮೆ ಕೇಳಿಕೊಳ್ಳಲು ಅಷ್ಟು ಹೊತ್ತು ಸಾಕಾಗುತ್ತಿತ್ತು. ಈಗ ಬೆರಳು ಒತ್ತಿದ ಮೇಲೆ ಯೋಚನೆ ಬರುತ್ತದೆ, ಎಷ್ಟೋ ಸಲ ಬರುವುದೂ ಇಲ್ಲ. ಇನ್ನು ಫೋನಿನ ಪಟ್ಟಿ ತೆರೆದರೆ ಕಾಣುವುದು ಯಾರದೋ ಹೆಸರು, ಎದುರಿಗೆ ಒಂದು ಮೊತ್ತ. ಅಂಗಡಿಯವನ ಖಾತೆ ಅವನ ಮಗನ ಹೆಸರಿನಲ್ಲೋ ಹೆಂಡತಿಯ ಹೆಸರಿನಲ್ಲೋ ಇರುತ್ತದೆ. ಹದಿನೈದು ದಿನ ಕಳೆದ ಮೇಲೆ ಆ ಹೆಸರಿನವರಿಂದ ನಾನು ಕೊಂಡದ್ದು ತೆಂಗಿನಕಾಯಿಯೋ ಟೂತ್‌ಪೇಸ್ಟೋ ಯಾರು ಬಲ್ಲರು! ಕಿರ್ದಿಯಲ್ಲಿ ‘ತೆಂಗಿನಕಾಯಿ 2, ಗಣೇಶನ ಗುಡಿಗೆ’ ಎಂದು ಬರೆದಿದ್ದರೆ ಆ ಸಂಜೆಯೇ ಕಣ್ಣಮುಂದೆ ಬರುತ್ತದೆ.

ನನಗೆ ಈ ಅಭ್ಯಾಸ ಬಂದದ್ದು ಅಮ್ಮನಿಂದ. ಅವಳು ಲೆಕ್ಕ ಇಟ್ಟದ್ದು ಪುಸ್ತಕದಲ್ಲಲ್ಲ, ಅಡುಗೆಮನೆಯ ಬಾಗಿಲ ಪಕ್ಕದ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ. ಒಂದೊಂದು ತಾರೀಖಿನ ಮನೆಯ ಮೂಲೆಯಲ್ಲೂ ಪೆನ್ಸಿಲ್ಲಿನಲ್ಲಿ ಹಾಲಿನ ಲೆಕ್ಕ. ಒಂದು, ಒಂದೂವರೆ, ಹಾಲು ಬಾರದ ದಿನ ಒಂದು ಸಣ್ಣ ಇಂಟು. ತಿಂಗಳ ಕೊನೆಗೆ ಹಾಲಿನವನು ಬಾಗಿಲಲ್ಲಿ ನಿಂತಾಗ ಬೆರಳಿಟ್ಟು ಎಣಿಸಿ ದುಡ್ಡು ಕೊಡುತ್ತಿದ್ದಳು. ವರ್ಷ ಮುಗಿದರೂ ಆ ಕ್ಯಾಲೆಂಡರುಗಳನ್ನು ಬಿಸಾಡದೆ ಟ್ರಂಕಿನಲ್ಲಿಡುತ್ತಿದ್ದಳು. ಈಚೆಗೆ ಕೆಲವನ್ನು ತೆಗೆದು ನೋಡಿದೆ. ಒಂದು ತಿಂಗಳಿಡೀ ಎರಡೆರಡು ಲೀಟರು; ಅಜ್ಜಿ ಹಾಸಿಗೆ ಹಿಡಿದು, ಚಿಕ್ಕಪ್ಪ ಅತ್ತೆಯರೆಲ್ಲ ಬಂದು ಇದ್ದ ತಿಂಗಳು ಅದು. ಮೇ ತಿಂಗಳ ಸಾಲು ಸಾಲು ಇಂಟುಗಳೆಂದರೆ ನಾವು ಬೀಗ ಹಾಕಿಕೊಂಡು ಊರಿಗೆ ಹೋಗಿದ್ದೆವು. ಶ್ರಾವಣದಲ್ಲಿ ಒಂದೇ ಒಂದು ದಿನ ಮೂರು ಲೀಟರು, ಪಕ್ಕದಲ್ಲಿ ‘ಪಾಯಸ’ ಎಂಬ ಮೂರಕ್ಷರ. ಹಾಲಿನವನ ಬಾಕಿಗೆಂದು ಇಟ್ಟ ಲೆಕ್ಕದಲ್ಲಿ ನಮ್ಮ ಮನೆಗೆ ಯಾರು ಬಂದರು, ಯಾರು ಹೋದರು, ಯಾವಾಗ ಸಂತೋಷವಿತ್ತು ಎನ್ನುವುದೆಲ್ಲ ಉಳಿದುಬಿಟ್ಟಿದೆ.

ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಲಂಡನ್ನಿನ ವಿದ್ಯಾರ್ಥಿ ದಿನಗಳ ಬಗ್ಗೆ ಬರೆಯುತ್ತ ಇಂಥದೇ ಅಭ್ಯಾಸದ ಮಾತು ಎತ್ತುತ್ತಾರೆ. 1888ರಲ್ಲಿ ಹೋದ ಆ ಹುಡುಗ ಬಸ್ಸಿನ ಚಾರ್ಜು, ಅಂಚೆಚೀಟಿ, ಪತ್ರಿಕೆಗೆ ಕೊಟ್ಟ ಪುಡಿಗಾಸನ್ನು ಕೂಡ ಬರೆದಿಟ್ಟು, ಮಲಗುವ ಮುಂಚೆ ಶಿಲ್ಕು ತೆಗೆಯುತ್ತಿದ್ದ. ನನಗೆ ದೊಡ್ಡದಾಗಿ ಕಾಣುವುದು ಅದರಿಂದ ಮುಂದೆ ಆದ ಬದಲಾವಣೆ. ಲೆಕ್ಕ ಕಣ್ಣಮುಂದೆ ಇದ್ದುದರಿಂದಲೇ ಇನ್ನೊಬ್ಬರ ಮನೆಯಲ್ಲಿ ದುಡ್ಡು ಕೊಟ್ಟು ಇರುವುದನ್ನು ಬಿಟ್ಟು ಬಾಡಿಗೆ ಕೋಣೆಗೆ ಬಂದರು, ಎಲ್ಲೆಲ್ಲಿಗೋ ನಡೆದೇ ಹೋದರು, ಕೊನೆಗೆ ಒಂದೇ ಕೋಣೆಗೆ ಇಳಿದು ಬೆಳಿಗ್ಗೆಯ ಓಟ್ಸ್ ಗಂಜಿಯನ್ನು ತಾವೇ ಬೇಯಿಸಿಕೊಂಡರು. ಸರಳವಾಗಿ ಬದುಕಬೇಕೆಂಬ ವ್ರತ ತೊಟ್ಟು ಲೆಕ್ಕ ಬರೆಯಲು ಕೂತದ್ದಲ್ಲ, ಬರೆಯುತ್ತ ಬರೆಯುತ್ತ ಬದುಕು ತಾನಾಗಿ ಹಗುರಾಯಿತು. ಮುಂದೆ ಲಕ್ಷಾಂತರ ರೂಪಾಯಿಯ ಸಾರ್ವಜನಿಕ ಹಣ ಕೈಮೇಲೆ ಹಾದುಹೋದಾಗ, ತಾವು ನಡೆಸಿದ ಚಳವಳಿಗಳು ಸಾಲದಲ್ಲಿ ಮುಳುಗದೆ ಇದ್ದದ್ದಕ್ಕೂ ಈ ಅಭ್ಯಾಸವನ್ನೇ ಅವರು ನೆನೆಯುತ್ತಾರೆ.

ಈ ವಿಷಯದಲ್ಲಿ ನನಗೆ ಗಾಂಧೀಜಿಗಿಂತಲೂ ಹತ್ತಿರದವಳು ಶರಣೆ ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ವಾಪಸ್ಸು ಕಳಿಸಿದಳು. ಈ ಕತೆಯನ್ನು ನಾವು ಅವಳ ವೈರಾಗ್ಯದ ದೊಡ್ಡತನಕ್ಕಾಗಿ ಹೇಳುತ್ತೇವೆ, ಅದು ಸರಿಯೂ ಹೌದು. ನಾನು ಅಡುಗೆಮನೆಯವಳಾಗಿ ಇನ್ನೊಂದನ್ನು ಗಮನಿಸುತ್ತೇನೆ. ಗಂಡ ತಂದ ಅಕ್ಕಿ ಇವತ್ತು ಹೆಚ್ಚಾಗಿದೆ ಎಂದು ಅವಳಿಗೆ ಗೊತ್ತಾದದ್ದು ಹೇಗೆ? ನಿನ್ನೆ ಎಷ್ಟಿತ್ತು, ಮೊನ್ನೆ ಎಷ್ಟಿತ್ತು, ದಾಸೋಹಕ್ಕೆ ಎಷ್ಟು ಬೇಕು ಎನ್ನುವುದು ಅವಳ ಕೈಗೆ, ಕಣ್ಣಿಗೆ ಪಕ್ಕಾ ಗೊತ್ತಿತ್ತು. ಅಳತೆ ಗೊತ್ತಿಲ್ಲದವರಿಗೆ ಹೆಚ್ಚು ಬಂದದ್ದೂ ತಿಳಿಯುವುದಿಲ್ಲ, ಡಬ್ಬಿಗೆ ಸುರಿದು ಮುಚ್ಚಳ ಹಾಕುತ್ತಾರೆ. ಅವಳ ವೈರಾಗ್ಯ ನನ್ನಂಥವಳಿಗೆ ಎಟುಕದು. ಆದರೆ ನನ್ನ ಮನೆಗೆ ತಿಂಗಳಿಗೆ ಬೇಕಾಗುವ ಎಣ್ಣೆ ಎಷ್ಟು, ಸಕ್ಕರೆ ಎಷ್ಟು, ಬಟ್ಟೆ ಎಷ್ಟು ಎಂದು ತಿಳಿದುಕೊಳ್ಳುವುದು ಖಂಡಿತ ಎಟುಕುತ್ತದೆ.

ಎಟುಕದಂತೆ ಮಾಡುವವರು ಬೇಕಾದಷ್ಟಿದ್ದಾರೆ ಎನ್ನುವುದನ್ನೂ ಹೇಳಬೇಕು. ಸಂಜೆ ಒಗ್ಗರಣೆ ಹಾಕುವ ಹೊತ್ತಿಗೆ ಕೊತ್ತಂಬರಿ ಸೊಪ್ಪು ಇಲ್ಲ ಎಂದಿಟ್ಟುಕೊಳ್ಳಿ. ಫೋನಿನಲ್ಲಿ ಹೇಳಿದರೆ ಹತ್ತು ನಿಮಿಷದಲ್ಲಿ ಬಾಗಿಲಿಗೆ ಬರುತ್ತದೆ. ಆದರೆ ಒಂದು ಕಟ್ಟು ಸೊಪ್ಪಿಗೆ ಡೆಲಿವರಿ ಚಾರ್ಜು ಬೀಳುತ್ತದೆ, ಇನ್ನಿಷ್ಟು ರೂಪಾಯಿಯ ಸಾಮಾನು ಸೇರಿಸಿದರೆ ಚಾರ್ಜಿಲ್ಲ ಎಂಬ ಸಾಲು ತೆರೆಯ ಮೇಲೆ ಮೂಡುತ್ತದೆ. ಸರಿ, ಚಿಪ್ಸು, ಹೊಸ ಬಗೆಯ ಬಿಸ್ಕತ್ತು, ಮನೆಯಲ್ಲಿ ಎರಡು ಬಾಟಲಿ ಇದ್ದರೂ ಮತ್ತೊಂದು ಹ್ಯಾಂಡ್‌ವಾಷ್. ರಾತ್ರಿ ಕಿರ್ದಿಯಲ್ಲಿ ‘ಕೊತ್ತಂಬರಿ’ ಎಂದು ಬರೆದು ಅದರ ಕೆಳಗೆ ಆ ಉಳಿದದ್ದನ್ನೆಲ್ಲ ಒಂದೊಂದಾಗಿ ಬರೆಯಬೇಕಾದಾಗ ಕೈ ತಡೆಯುತ್ತದೆ. ಆ ತಡೆಯೇ ನನಗೆ ಬೇಕಾದದ್ದು. ಮಾರನೆಯ ದಿನ ಸೊಪ್ಪಿನ ಗಾಡಿಯ ಕೂಗು ಕೇಳಿದ ಕೂಡಲೇ ಚಪ್ಪಲಿ ಮೆಟ್ಟಿ ಹೊರಡುತ್ತೇನೆ.

ಇನ್ನೊಂದು ಬಗೆಯ ಖರ್ಚಿದೆ, ಅದು ಕೈ ತಡೆಯಲೂ ಅವಕಾಶ ಕೊಡುವುದಿಲ್ಲ. ಒಮ್ಮೆ ಒಪ್ಪಿಗೆ ಕೊಟ್ಟರೆ ಆಯಿತು, ತಿಂಗಳು ತಿಂಗಳು ತಾನಾಗಿಯೇ ಖಾತೆಯಿಂದ ಹೋಗುತ್ತದೆ. ಸಿನಿಮಾ ನೋಡುವ ಆ್ಯಪ್, ಹಾಡು ಕೇಳುವ ಆ್ಯಪ್, ಮಗಳು ಎಂಟನೇ ಕ್ಲಾಸಿನಲ್ಲಿ ಬಳಸಿ ಬಿಟ್ಟ ಗಣಿತದ ಆ್ಯಪ್. ಇವನ್ನು ಪ್ರತಿ ತಿಂಗಳೂ ನನ್ನ ಕೈಯಲ್ಲೇ ಬರೆಯುವ ನಿಯಮ ಇಟ್ಟುಕೊಂಡಿದ್ದೇನೆ. ಗಣಿತದ್ದು ಹೋಯಿತು. ಹಾಡು ಉಳಿಯಿತು, ಅದನ್ನು ಬರೆಯುವಾಗ ಸಂತೋಷವಾಗುತ್ತದೆ.

ಖರ್ಚು ಬರೆಯುವವರೆಂದರೆ ಜುಗ್ಗರು ಎಂಬ ಅಪವಾದ ಹಳೆಯದು. ನನ್ನ ಅನುಭವ ಹಾಗಿಲ್ಲ. ನಮ್ಮ ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ ಮಾರುವ ಹೆಂಗಸೊಬ್ಬಳಿದ್ದಾಳೆ. ಮೊಣಕೈಯಿಂದ ಬೆರಳ ತುದಿಯವರೆಗೆ ದಂಡೆಯನ್ನು ಹಿಡಿದು ಅಳೆಯುತ್ತಾಳೆ, ಅಳೆದು ಕತ್ತರಿಸುವ ಮುಂಚೆ ನಾಲ್ಕು ಬೆರಳು ಮುಂದಕ್ಕೆ ಬಿಡುತ್ತಾಳೆ. “ಇನ್ನೊಂದು ಮೊಳ ಹಾಕ್ಲಾ ಅಕ್ಕಾ?” ಅಂದರೆ ನಾನು ಬೇಡವೆನ್ನುವುದಿಲ್ಲ. ಆ ಹೂವು ದೇವರಿಗಷ್ಟು, ನನ್ನ ಮುಡಿಗಷ್ಟು, ಮಿಕ್ಕಿದ್ದು ಎದುರುಮನೆಯ ಅಜ್ಜಿಗೆ. ಎರಡು ವರ್ಷದ ಕಿರ್ದಿ ತಿರುವಿದರೂ ಹೂವಿನ ಬಾಬ್ತನ್ನು ನೋಡಿ ನನಗೆ ಒಮ್ಮೆಯೂ ಹೆಚ್ಚಾಯಿತು ಅನ್ನಿಸಿಲ್ಲ. ಬೇಡದ ಕಡೆ ಹರಿದುಹೋಗುವುದನ್ನು ನಿಲ್ಲಿಸಿದವರ ಕೈ ಬೇಕಾದ ಕಡೆ ಧಾರಾಳವಾಗುತ್ತದೆ. ಮನೆಕೆಲಸದಾಕೆಯ ಮಗನ ಫೀಸಿಗೆ ಕೊಡುವಾಗ ಹಿಂದೆಮುಂದೆ ನೋಡಬೇಕಾಗಿ ಬರುವುದಿಲ್ಲ. ಇದರಲ್ಲಿ ಒಂದು ಎಚ್ಚರ ಮಾತ್ರ ಬೇಕು: ಪುಸ್ತಕವನ್ನು ಇನ್ನೊಬ್ಬರ ಮೇಲಿನ ದಾವೆಯಾಗಿ ಬಳಸಬಾರದು. ಗಂಡನ ಕಾಫಿ ಹೋಟೆಲಿನ ಖರ್ಚನ್ನು ಹೆಂಡತಿ, ಹೆಂಡತಿಯ ಸೀರೆಯ ಖರ್ಚನ್ನು ಗಂಡ ಓದಿ ಹೇಳತೊಡಗಿದರೆ ಆ ಮನೆಯಲ್ಲಿ ಲೆಕ್ಕ ನಿಂತುಹೋಗುತ್ತದೆ. ನಮ್ಮಲ್ಲಿ ಅವರವರ ಬಾಬ್ತನ್ನು ಅವರವರೇ ಬರೆಯುತ್ತೇವೆ.

ಜಪಾನಿನ ಹನಿ ಮೊಟೊಕೊ ಎಂಬ ಪತ್ರಕರ್ತೆ 1904ರಲ್ಲಿ ಗೃಹಿಣಿಯರಿಗೆಂದೇ ಮನೆಲೆಕ್ಕದ ಪುಸ್ತಕವೊಂದನ್ನು ಅಚ್ಚು ಹಾಕಿಸಿದರು. ಕಾಕೇಬೊ ಎಂದು ಅಲ್ಲಿ ಕರೆಯುವ ಇಂಥ ಪುಸ್ತಕದ ರೂಢಿ ಈಗಲೂ ಇದೆ. ಹನಿಯವರು ಒತ್ತು ಕೊಟ್ಟದ್ದು ಖರ್ಚಿಗೆ ಮುಂಚಿನ ಬರವಣಿಗೆಗೆ: ಯಾವುದಕ್ಕೆ ಎಷ್ಟು ಎಂದು ಮೊದಲೇ ಗೊತ್ತುಮಾಡಿ ಬರೆಯುವುದು. ನನಗೆ ಇದು ಬಹಳ ಹಿಡಿಸಿತು. ನಮ್ಮ ವರ್ತಕರು ದೀಪಾವಳಿಗೆ ಹೊಸ ಕಿರ್ದಿಗೆ ಪೂಜೆ ಮಾಡುವಂತೆ ನಾವು ಮನೆಯಲ್ಲಿ ಯುಗಾದಿಯ ದಿನ ಹೊಸ ಪುಸ್ತಕದ ಮೊದಲ ಹಾಳೆ ತೆರೆಯುತ್ತೇವೆ. ಒಬ್ಬಟ್ಟಿನ ಊಟ ಮುಗಿದ ಮೇಲೆ ಮೂವರೂ ಕೂತು ಈ ವರ್ಷ ದುಡ್ಡು ಯಾವುದಕ್ಕೆ ಹೋಗಬೇಕು ಎಂದು ಮಾತಾಡುತ್ತೇವೆ. ಹೋದ ಸಲ ನನ್ನವರು ಶಿರಸಿಯ ಅಕ್ಕನ ಮನೆಗೆ ಎರಡು ಸಲ ಹೋಗಿಬರಬೇಕು ಎಂದು ಬರೆಸಿದರು. ಮಗಳು ‘ಈಜು’ ಎಂದು ಬರೆದಳು. ಸೋಫಾ ಬದಲಿಸುವ ಮಾತನ್ನು ಆ ದಿನವೇ ಕೈಬಿಟ್ಟೆವು.

ಈ ಯುಗಾದಿಗೆ ಮಗಳೇ ಹೊಸ ಪ್ರಸ್ತಾಪ ತಂದಳು. ದುಡ್ಡಿಗೆ ಮಾತ್ರ ಯಾಕೆ, ಹೊತ್ತಿಗೂ ಒಂದು ಮನೆ ಹಾಕೋಣ ಎಂದು ಸ್ಕೇಲು ಹಿಡಿದು ಗೆರೆ ಎಳೆದಳು. ರಾತ್ರಿ ಊಟದ ನಂತರ ಅಪ್ಪನಿಂದ ಫೋನಿಲ್ಲದ ಅರ್ಧ ಗಂಟೆ ತನಗೆ ಬೇಕು ಎಂದು ಮೊದಲು ಅವಳೇ ಬರೆದಳು, ಅವರು ಕೆಳಗೆ ಸಹಿ ಹಾಕಿದರು. ನಾನು ಬಹಳ ಹೊತ್ತು ಯೋಚಿಸಿದೆ. ನಿಂತುಹೋದ ಸಂಗೀತದ ಪಾಠ ಮತ್ತೆ ಶುರುಮಾಡಬೇಕು, ಊರಿನ ಇನ್ನೊಂದು ತುದಿಯಲ್ಲಿ ತಮ್ಮನ ಜೊತೆಗಿರುವ ಅಮ್ಮನ ಹತ್ತಿರ ವಾರಕ್ಕೊಮ್ಮೆಯಾದರೂ ಹೋಗಿ ಕೂರಬೇಕು. ಬಿಡುವಿರುವ ಮಧ್ಯಾಹ್ನ ಒಂದೇ, ಬುಧವಾರದ್ದು. ಅಮ್ಮನಿಗೆ ಎಂಬತ್ತು ದಾಟಿದೆ. ಬುಧವಾರಗಳನ್ನು ಅವಳ ಹೆಸರಿಗೆ ಬರೆದಿದ್ದೇನೆ, ಸಂಗೀತ ಮುಂದಿನ ಯುಗಾದಿಗೆ.