ಮಗಳ ಗಿಟಾರಿಗೆ ಅಪ್ಪನ ಬಿ.ಎಸ್‌ಸಿ.

ಮೈಸೂರಿನಲ್ಲಿ ಬಿ.ಎಸ್‌ಸಿ. ಮುಗಿಸಿ, ದೆಹಲಿಗೆ ಬಂದು, ಇಪ್ಪತ್ತು ವರ್ಷ ಕಡತಗಳ ನಡುವೆ ಕಳೆದ ನನ್ನಂಥ ಗುಮಾಸ್ತನಿಗೆ ಓಮನ ನಿಯಮದಿಂದ ಉಪಯೋಗವಾದೀತೆಂದು ಯಾರು ತಾನೇ ನಂಬುತ್ತಾರೆ? ಲೋಧಿ ಕಾಲೋನಿಯ ನಮ್ಮ ಕ್ವಾರ್ಟರ್ಸಿನಲ್ಲಿ ಫ್ಯೂಸು ಹೋದಾಗ ಮಾತ್ರ ನನ್ನ ಪದವಿಗೆ ಬೆಲೆ. ಹೀಗಿರುವಾಗ ಕಳೆದ ಸೆಪ್ಟೆಂಬರಿನ ಒಂದು ಭಾನುವಾರ ಮಗಳು ತನ್ನ ಹಳೆಯ ಬ್ಯಾಸ್ ಗಿಟಾರನ್ನು ಊಟದ ಮೇಜಿನ ಮೇಲೆ ಮಲಗಿಸಿ, "ಅಪ್ಪಾ, ಇದರ ಪಿಕಪ್ಪುಗಳನ್ನು ಸೀರೀಸ್ ಮಾಡೋಣವೋ, ಪ್ಯಾರಲಲ್ಲಾಗೇ ಬಿಡೋಣವೋ?" ಎಂದು ಕೇಳಿದಳು. ಬಡ್ತಿ ಸಿಕ್ಕಾಗಲೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ತಿಳಿಯದವರಿಗಾಗಿ ಎರಡು ಮಾತು. ಬ್ಯಾಸ್ ಗಿಟಾರಿಗೆ ನಾಲ್ಕು ದಪ್ಪ ಉಕ್ಕಿನ ತಂತಿಗಳು. ತೀರ ಕೆಳಗಿನ ಸ್ವರಕ್ಕೆ ಸೆಕೆಂಡಿಗೆ ಸುಮಾರು 41 ಕಂಪನ. ತಂತಿಗಳ ಕೆಳಗೆ ಅಯಸ್ಕಾಂತಕ್ಕೆ ಸುತ್ತಿದ ತಾಮ್ರದ ಸುರುಳಿಯೇ ಪಿಕಪ್ಪು. ತಂತಿ ಅದುರಿದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡ ತತ್ವವೇ ಇದು. ಟಾರ್ಚಿನ ಎರಡು ಶೆಲ್ಲುಗಳನ್ನು ಒಂದರ ಹಿಂದೊಂದು ಇಟ್ಟರೆ 3 ವೋಲ್ಟು, ಅಕ್ಕಪಕ್ಕ ಜೋಡಿಸಿದರೆ ಒಂದೂವರೆಯೇ. ಪಿಕಪ್ಪಿನದೂ ಹೆಚ್ಚುಕಡಿಮೆ ಅದೇ ಲೆಕ್ಕ. ಲಿಯೋ ಫೆಂಡರರ ಕಂಪನಿ 1957ರ ಪ್ರಿಸಿಷನ್ ಬ್ಯಾಸಿನಲ್ಲಿ ಪಿಕಪ್ಪಿನ ಎರಡು ತುಂಡುಗಳನ್ನು ಸರಣಿಯಲ್ಲಿ ಜೋಡಿಸಿತು. 1960ರ ಜಾಝ್ ಬ್ಯಾಸಿನಲ್ಲಿ ಎರಡು ಪಿಕಪ್ಪುಗಳನ್ನು ಸಮಾಂತರವಾಗಿ. ಮಗಳದು ಈ ಎರಡನೆಯ ಜಾತಿಯ ಅಗ್ಗದ ನಕಲು.

"ಸರಣಿಯೇ ಸರಿ" ಎಂದು ಷರಾ ಬರೆದುಬಿಟ್ಟೆ. ಹೆಚ್ಚು ಸಿಗುವಾಗ ಕಡಿಮೆ ಯಾರಿಗೆ ಬೇಕು? ಕೆಂಪುಕೋಟೆಯ ಎದುರಿನ ಲಜಪತ್ ರಾಯ್ ಮಾರ್ಕೆಟ್ಟಿನಿಂದ ಬೆಸುಗೆಯ ಸಾಮಾನು, ಮಲ್ಟಿಮೀಟರು, ಆರು ಕಾಲಿನ ಒಂದು ಪುಟ್ಟ ಸ್ವಿಚ್ಚು ತಂದೆವು. ಸ್ವಿಚ್ಚು ಮಗಳ ಹಟ: "ಎರಡೂ ಇರಲಿ ಅಪ್ಪಾ." ಒಂದೊಂದು ಪಿಕಪ್ಪು ಸುಮಾರು 8 ಕಿಲೋ ಓಮ್. ಬೆಸೆದಾದ ಮೇಲೆ ಸ್ವಿಚ್ಚು ಎತ್ತಿದರೆ 16ರ ಹತ್ತಿರ, ಇಳಿಸಿದರೆ 4. ಪಠ್ಯಪುಸ್ತಕ ಸುಳ್ಳಾಡಿರಲಿಲ್ಲ.

ಇಲ್ಲಿ ಇನ್ನೊಂದು ಸಂಗತಿ ಹೇಳಬೇಕು. ನನ್ನಾಕೆ ಸಂಘದ ಸಮಾರಂಭಗಳಲ್ಲಿ ಭಾವಗೀತೆ ಹಾಡುತ್ತಿದ್ದವಳು. ಎರಡು ವರ್ಷದ ಹಿಂದೆ ಥೈರಾಯ್ಡ್ ಶಸ್ತ್ರಚಿಕಿತ್ಸೆಯಾದ ಮೇಲೆ ದನಿ ತೆಳುವಾಯಿತು. ಮೇಲಿನ ಸ್ವರಗಳು ಒಡೆಯತೊಡಗಿದವು. ವೇದಿಕೆ ಬಿಟ್ಟಳು. ಅಡುಗೆಮನೆಯ ಗುನುಗೂ ನಿಂತಿತು. ಆ ವಿಷಯ ನಾವು ಯಾರೂ ಎತ್ತುತ್ತಿರಲಿಲ್ಲ. ಈ ರಾಜ್ಯೋತ್ಸವಕ್ಕೆ, "ತಬಲಾ, ಹಾರ್ಮೋನಿಯಂ ಏನೂ ಬೇಡಮ್ಮ, ನನ್ನ ಬ್ಯಾಸ್ ಜೊತೆ ಹಾಡು" ಎಂದು ಮಗಳು ಹೇಗೋ ಒಪ್ಪಿಸಿದ್ದಳು. ಗಿಟಾರಿನ ದುರಸ್ತಿ ಅದಕ್ಕಾಗಿಯೇ ಎಂಬುದು ನನಗೆ ತಿಳಿದದ್ದು ತಡವಾಗಿ.

ಅಂದು ಸಂಜೆ ಸರಣಿಯ ಪರೀಕ್ಷೆ. ಎತ್ತರದ ಸೂರಿನ ಹಳೆಯ ಕೋಣೆ ಗುಡುಗಿತು. ಕಾಲೋನಿಯ ಗೋಡೆಚಿತ್ರಗಳನ್ನು ನೋಡಲು ಬಂದಿದ್ದವರು ನಮ್ಮ ಕಿಟಕಿಯತ್ತ ತಲೆಯೆತ್ತಿದರು. ನಾನು ಹಿಗ್ಗಿದೆ. ಆಕೆ ಕೆ.ಎಸ್.ನ. ಅವರ ಗೀತೆಯೊಂದನ್ನು ಎತ್ತಿಕೊಂಡಳು. ತುಟಿ ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. "ವಾಲ್ಯೂಮ್ ಇಳಿಸು" ಎಂದೆ. ಸದ್ದು ಇಳಿಯಿತು, ಕಂಬಳಿ ಹೊದಿಸಿದಂಥ ಆ ದಪ್ಪ ಮಾತ್ರ ಇಳಿಯಲಿಲ್ಲ. ಸರಣಿಯಲ್ಲಿ ಸುರುಳಿಗಳ ಇಂಡಕ್ಟೆನ್ಸೂ ಕೂಡಿಕೊಳ್ಳುತ್ತದೆ. ಮೇಲಿನ ಕಂಪನಗಳು ಸೊರಗುತ್ತವೆ, ಮಂದ್ರದಿಂದ ನಡುಸ್ಥಾಯಿಯವರೆಗೆ ಒಂದೇ ಸಮನೆ ತುಂಬಿಕೊಳ್ಳುತ್ತದೆ. ಇದೂ ಓದಿದ್ದೇ. ನಾನು ವೋಲ್ಟೇಜಿನ ಸಾಲಿಗೇ ಪುಸ್ತಕ ಮುಚ್ಚಿದ್ದೆ.

"ಬಿಡಿ ಅಂದ್ರೆ, ನನ್ನ ಗಂಟಲಿಗೆ ಇನ್ನು ಇದೆಲ್ಲ ಆಗೋಲ್ಲ" ಎಂದು ಆಕೆ ಎದ್ದಳು.

"ಒಂದೇ ಸಲ ಅಮ್ಮಾ." ಮಗಳು ಸ್ವಿಚ್ಚು ಇಳಿಸಿದಳು.

ಸಮಾಂತರದಲ್ಲಿ ಬಲ ಅರ್ಧಕ್ಕಿಳಿಯಿತು. ಆದರೆ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳಿತು. ಸ್ವರಗಳ ನಡುವೆ ಜಾಗವಿತ್ತು. ಆ ಜಾಗದಲ್ಲಿ ಆಕೆಯ ತೆಳು ದನಿ ಬಂದು ನಿಂತಿತು. ಒಡೆದಲ್ಲಿ ಒಡೆಯಿತು, ನಿಜ; ಒಂದಕ್ಷರವೂ ಮುಳುಗಲಿಲ್ಲ. ಎರಡನೆಯ ಚರಣದ ಹೊತ್ತಿಗೆ ಕುಕ್ಕರು ನಾಲ್ಕು ಸಲ ಕೂಗಿದರೂ ಯಾರೂ ಏಳಲಿಲ್ಲ.

ರಾಜ್ಯೋತ್ಸವದ ದಿನ ಹಿಂದಿನ ಸಾಲಿನಲ್ಲಿ ಕುಳಿತು ನಾನು ನೋಡುತ್ತಿದ್ದದ್ದು ಮಗಳ ಬಲಗೈಯನ್ನು. ಚರಣಗಳ ನಡುವಿನ ಬಿಡುವಿನಲ್ಲಿ ಸ್ವಿಚ್ಚು ಎತ್ತಿ ಒಂದಿಷ್ಟು ಗುಡುಗಿಸಿದಳು, ಅಪ್ಪನ ಮಾನ ಉಳಿಸಲಿಕ್ಕಿರಬೇಕು. ಅಮ್ಮ ಉಸಿರೆಳೆದುಕೊಂಡಳೋ ಇಲ್ಲವೋ, ಇಳಿಸಿದಳು.

ಈಗ ಮನೆಯಲ್ಲಿ ನಾನು ಏರುದನಿಯಲ್ಲಿ ವಾದಕ್ಕೆ ತೊಡಗಿದರೆ ಸಾಕು, ಮಗಳು ಗಾಳಿಯಲ್ಲೇ ಬೆರಳಿನಿಂದ ಸ್ವಿಚ್ಚು ಇಳಿಸಿ ತೋರಿಸುತ್ತಾಳೆ. ನಾನು ಸುಮ್ಮನಾಗುತ್ತೇನೆ. ಆಗ ಅಡುಗೆಮನೆಯ ಗುನುಗು ಕೇಳಿಸುತ್ತದೆ.