ಮೂರು ಊರಿನ ದಾರಿಗೆ ಒಂದೇ ಚೇಂಬರ್

ಇಷ್ಟು ದಿನ ಎಲ್ಲಿ ಮಾಯವಾಗಿದ್ದೆ ಅಂತ ಇಬ್ಬರು ಮೂವರು ಗೆಳೆಯರು ಕೇಳಿದ್ರು. ಉತ್ತರ ಚಿಕ್ಕದು. ಒಂದು ತಗಡಿನ ಡಬ್ಬಿಯ ಹಿಂದೆ ಬಿದ್ದಿದ್ದೆ! ಎಂಜಿನ್ನಿನ ತಳಕ್ಕೆ ಬೋಲ್ಟ್ ಹಾಕಿ ಬಿಗಿದಿರುತ್ತಲ್ಲ, ಎಣ್ಣೆ ನಿಲ್ಲುವ ತಟ್ಟೆ, ಅದೇ. ಪುಸ್ತಕದಲ್ಲಿ ಆಯಿಲ್ ಪ್ಯಾನ್ ಅಂತಲೋ ಸಂಪ್ ಅಂತಲೋ ಬರೆದಿರುತ್ತೆ. ನಮ್ಮ ಕಡೆ ಮೇಸ್ತ್ರಿಗಳ ಬಾಯಲ್ಲಿ ಅದು ಬರೀ ‘ಚೇಂಬರ್’.

ಗಾಡಿ ನಮ್ಮ ದೊಡ್ಡಪ್ಪನದು. ಲಾಂಗ್ ಚಾಸಿ ಮಹೀಂದ್ರ ಜೀಪು. ಹಿಂದಿನ ಸೀಟು ಕೀಳಿಸಿ, ಡಬ್ಬಿ ಕಟ್ಟಿಸಿ ಪಿಕಪ್ ಮಾಡಿ ಎಷ್ಟೋ ವರ್ಷ ಆಯ್ತು. ಅದರಲ್ಲಿದ್ದದ್ದು ಪ್ಯೂಜೋ ಎಕ್ಸ್‌ಡಿಪಿ 4.90 ಡೀಸೆಲ್ ಎಂಜಿನ್. ನಾಲ್ಕು ಸಿಲಿಂಡರ್, 90 ಮಿ.ಮೀ. ಬೋರ್, 2112 ಸಿಸಿ. ಅಡಿಕೆ, ತೆಂಗಿನಕಾಯಿ, ಗೊಬ್ಬರ, ಮದುವೆಯ ಪಾತ್ರೆ ಎಲ್ಲ ಹೊತ್ತು ಹೊತ್ತು ಕೊನೆಗೆ ಬ್ಲಾಕೇ ಸವೆದು ಹೋಯ್ತು. “ಗುಜರಿಗೆ ಹಾಕ್ರೋ, ಬಂದಷ್ಟು ಬರ್ಲಿ” ಅಂದ್ರು ದೊಡ್ಡಪ್ಪ. ಅವರ ಮಗ, ನನ್ನ ಅಣ್ಣ, ಕೇಳಬೇಕಲ್ಲ! ಅಪಘಾತವಾದ ಒಂದು ಸ್ಕಾರ್ಪಿಯೋದಿಂದ ಎಂಜಿನ್ ತಂದ. 2002ರಲ್ಲಿ ಸ್ಕಾರ್ಪಿಯೋ ಜೊತೆ ಬಂತಲ್ಲ, 2609 ಸಿಸಿಯ ಟರ್ಬೊ ಡೀಸೆಲ್, ಅದು. 109 ಅಶ್ವಶಕ್ತಿ. ಹಳೆಯದಕ್ಕೆ ಹೋಲಿಸಿದರೆ ಒಂದೂವರೆ ಪಟ್ಟಿಗೂ ಮೀರಿದ ಜೋರು.

ಒಂದು ಬೆಳೆ ಅಡಿಕೆಯ ದುಡ್ಡಿನಲ್ಲಿ ದೊಡ್ಡ ಪಾಲು ಅದಕ್ಕೇ ಹೋಯ್ತು. ದೊಡ್ಡಪ್ಪ ಒಂದೇ ಮಾತು ಹೇಳಿದ್ರು. “ಇನ್ನೊಂದ್ಸಲ ದಾರೀಲಿ ನಿಂತ್ರೆ ಸೀದಾ ಗುಜರಿಗೇ. ಆಮೇಲೆ ನನ್ನ ಹತ್ರ ಏನೂ ಕೇಳ್ಬೇಡಿ.”

ಈಗ ಚೇಂಬರ್ ವಿಷಯ. ಸ್ಕಾರ್ಪಿಯೋದಲ್ಲಿ ಮುಂದಿನ ಎರಡು ಚಕ್ರಗಳದ್ದು ಬೇರೆ ಬೇರೆ ಸಸ್ಪೆನ್ಷನ್. ಜೀಪಿನಲ್ಲಿ ಹಾಗಲ್ಲ, ಈ ಚಕ್ರದಿಂದ ಆ ಚಕ್ರದವರೆಗೆ ಒಂದೇ ಗಟ್ಟಿ ಆಕ್ಸಲ್. ಗುಂಡಿಗೆ ಬಿದ್ದಾಗಲೆಲ್ಲ ಆ ಆಕ್ಸಲ್ ಎಂಜಿನ್ನಿನ ಹೊಟ್ಟೆಯ ಕಡೆಗೆ ಎಗರುತ್ತೆ. ಅದರ ಗುಂಡಿಗಾಯಿ, ಅಂದರೆ ಡಿಫರೆನ್ಷಿಯಲ್, ಮಧ್ಯದಲ್ಲಿಲ್ಲ, ಒಂದು ಪಕ್ಕಕ್ಕಿದೆ. ಅಲ್ಲಿಂದ ಹಿಂದಕ್ಕೆ ಪ್ರೊಪೆಲ್ಲರ್ ಶಾಫ್ಟು ಬೇರೆ. ಎಂಜಿನ್ ಇಳಿಸಿ ನೋಡಿದರೆ ಅದರ ಸ್ವಂತ ಚೇಂಬರ್‌ಗೂ ಆಕ್ಸಲ್‌ಗೂ ಜಾಗವೇ ಸಾಲದು. ಎಂಜಿನ್ ಎತ್ತಿದರೆ ಬಾನೆಟ್ ಮುಚ್ಚಲ್ಲ, ಹಿಂದಕ್ಕೆ ತಳ್ಳಿದರೆ ಗೇರ್‌ಬಾಕ್ಸ್ ಬಂದು ಸೀಟಿನ ಕೆಳಗೆ ಕೂರುತ್ತೆ. ಉಳಿದದ್ದು ಒಂದೇ ದಾರಿ, ಬೇರೆ ಚೇಂಬರ್.

ಅಮೆರಿಕದಲ್ಲಿ ಷೆವ್ರೊಲೆಯ ಎಲ್‌ಎಸ್ ಎಂಜಿನ್ ಹಳೇ ಪಿಕಪ್‌ಗೆ ಹಾಕುವವರಿಗೆ ಈ ಕಷ್ಟ ಅಷ್ಟಾಗಿ ಇಲ್ಲ. ಯಾವ ಚಾಸಿಗೆ ಯಾವ ಸಂಪ್ ಅಂತ ಕ್ಯಾಟಲಾಗ್ ನೋಡಿ ತರಿಸಿಕೊಳ್ಳಬಹುದು. ನಮಗೆ ಕ್ಯಾಟಲಾಗ್ ಅಂದ್ರೆ ಮೇಸ್ತ್ರಿಗಳು. ಒಂದೊಂದು ಊರಲ್ಲಿ ಒಂದೊಂದು ಅಭಿಪ್ರಾಯ :)

ಕಡೂರಿನ ಮೇಸ್ತ್ರಿ ಹೇಳಿದ್ದು, “ಸಾರ್, ದೊಡ್ಡದು ಮಾಡ್ಸಿ. ಎಣ್ಣೆ ಜಾಸ್ತಿ ಹಿಡಿಲಿ. ಅಲ್ಯೂಮಿನಿಯಂ ಆದ್ರೆ ಇನ್ನೂ ಒಳ್ಳೇದು.” ಅವರ ಮಾತಲ್ಲಿ ಅರ್ಥ ಇದೆ. ಅವರ ಶೆಡ್ ಇರೋದು ಹಳೆಯ 206ನೇ, ಈಗಿನ 69ನೇ ರಾಷ್ಟ್ರೀಯ ಹೆದ್ದಾರಿಯ ಪಕ್ಕ. ಬೀರೂರು ದಾಟಿ ಶಿವಮೊಗ್ಗದ ಕಡೆ ಲೋಡ್ ಹಾಕಿಕೊಂಡು ಒಂದೇ ವೇಗದಲ್ಲಿ ಎಳೆದರೆ ಎಣ್ಣೆ ಕಾಯುತ್ತೆ, ಕಾದರೆ ತೆಳುವಾಗುತ್ತೆ, ತೆಳುವಾದರೆ ಪ್ರೆಷರ್ ಇಳಿಯುತ್ತೆ. ಈ ಎಂಜಿನ್ನಿನಲ್ಲಿ ಟರ್ಬೊದ ಬೇರಿಂಗ್‌ಗೂ ಅದೇ ಎಣ್ಣೆಯೇ ಗತಿ. ಹೆಚ್ಚು ಎಣ್ಣೆ ಇದ್ದರೆ ಕಾಯೋದು ನಿಧಾನ. ಅಲ್ಯೂಮಿನಿಯಂ ಶಾಖವನ್ನೂ ಬೇಗ ಬಿಡುತ್ತೆ.

ಅಜ್ಜಂಪುರದಲ್ಲಿ ನಮ್ಮ ಅತ್ತೆಯ ಮನೆ. ಈರುಳ್ಳಿ ಹೊಲ. ಆ ಪಿಕಪ್ ಹೆಚ್ಚು ದುಡಿಯೋದು ಅಲ್ಲೇ. ಅಲ್ಲಿ ವೆಲ್ಡಿಂಗ್ ಮಾಡುವವರು ಅಲ್ಯೂಮಿನಿಯಂ ಅಂದ ತಕ್ಷಣ ನಕ್ಕುಬಿಟ್ರು. “ಬದು ಹತ್ತಿಸ್ತೀರಾ, ಕಲ್ಲು ತಗಲುತ್ತೆ. ತಗಡು ಆದ್ರೆ ನೆಗ್ಗುತ್ತೆ, ಎರಕದ್ದು ಆದ್ರೆ ಸೀಳುತ್ತೆ. ನೆಗ್ಗಿದ್ದನ್ನ ನಾನು ಬಡಿದು ಕೊಡ್ತೀನಿ. ಸೀಳಿದ್ದನ್ನ ಹೊಲದ ಮಧ್ಯ ಯಾರು ಕೊಡ್ತಾರೆ?” ಸೀಳಿದರೆ ಎಣ್ಣೆಯೆಲ್ಲ ನಿಮಿಷದಲ್ಲಿ ನೆಲದ ಪಾಲು. ಹೈದರ್, ಟಿಪ್ಪು ಕಾಲಕ್ಕೆ ತೋಪು ಎಳೆದ ಅಮೃತ ಮಹಲ್ ದನಗಳ ತಳಿ ಕೇಂದ್ರ ಇರುವ ಊರು ಅದು. ಆ ಎತ್ತುಗಳಿಗೆ ಚೇಂಬರ್ ಒಡೆಯುವ ಚಿಂತೆ ಇರಲಿಲ್ಲ ಬಿಡಿ!

ಅವರು ಇನ್ನೊಂದು ಮಾತು ಹೇಳಿದ್ರು, ಅದು ಬಹಳ ಮುಖ್ಯ. ನೆಗ್ಗಿದರೂ ಅಪಾಯ ಇಲ್ಲ ಅಂತಲ್ಲ. ಚೇಂಬರ್ ಒಳಗೆ ಆಯಿಲ್ ಪಂಪಿನ ಬಾಯಿ, ಅಂದರೆ ಜಾಲರಿ, ತಳದಿಂದ ಕಾಲು ಇಂಚಿಂದ ಮುಕ್ಕಾಲು ಅರ್ಧ ಇಂಚಿನಷ್ಟು ಮೇಲೆ ಇರಬೇಕು. ತಳ ನೆಗ್ಗಿ ಆ ಬಾಯಿಗೆ ಅಂಟಿಕೊಂಡರೆ ಎಣ್ಣೆ ತುಂಬಿದ್ದರೂ ಎಂಜಿನ್‌ಗೆ ಸಿಗಲ್ಲ. ಹೊರಗಿನಿಂದ ಒಂದು ಹನಿ ಸೋರಿಕೆ ಕಾಣಲ್ಲ, ಒಳಗೆ ಬೇರಿಂಗ್ ತಿಂದಿರುತ್ತೆ. ಆದ್ದರಿಂದ ಕೆಳಗೊಂದು ದಪ್ಪ ಗಾರ್ಡ್ ತಗಡು ಬೇಕೇ ಬೇಕು. ಅದನ್ನು ಚೇಂಬರ್‌ಗಲ್ಲ, ಚಾಸಿಗೆ ಬಿಗಿಯಬೇಕು.

ಮೂರನೆಯದು ತರೀಕೆರೆ. ನಮ್ಮ ತೋಟ ಲಿಂಗದಹಳ್ಳಿ ಕಡೆ. ಅಲ್ಲಿಂದ ಮೇಲೆ ಕಲ್ಲತ್ತಿಗಿರಿ, ಆಮೇಲೆ 1434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿ. ನೀವೂ ಹೋಗಿರ್ತೀರಿ, ತಿರುವುಗಳು ಗೊತ್ತಲ್ಲ? ತರೀಕೆರೆಯ ಮೇಸ್ತ್ರಿ ವಯಸ್ಸಾದವರು. ಮಾತಾಡಲಿಲ್ಲ. ಒಂದು ಟ್ರೇಗೆ ನೀರು ಹಾಕಿ ಓರೆ ಮಾಡಿ ತೋರಿಸಿದರು, ಅಷ್ಟೆ.

ಮನೆಗೆ ಬಂದು ಲೆಕ್ಕ ಹಾಕಿದೆ. ಏಳಡಿಗೆ ಒಂದಡಿ ಏರುವ ಕಡೆ, ಒಂದೂವರೆ ಅಡಿ ಉದ್ದದ ಚೇಂಬರ್‌ನಲ್ಲಿ ಎರಡು ತುದಿಗಳ ಮಧ್ಯೆ ಎಣ್ಣೆಯ ಮಟ್ಟ ಎರಡೂವರೆ ಇಂಚು ಹೆಚ್ಚು ಕಮ್ಮಿ ಆಗುತ್ತೆ. ಇಳಿಜಾರಲ್ಲಿ ಬ್ರೇಕ್ ಒತ್ತಿದರೆ ಇನ್ನೂ ಜಾಸ್ತಿ, ಎಣ್ಣೆಯೆಲ್ಲ ಮುಂದಕ್ಕೆ ನುಗ್ಗುತ್ತೆ. ಆಕ್ಸಲ್ ತಪ್ಪಿಸಬೇಕು ಅಂತ ನಾವು ಎಣ್ಣೆಯ ಗುಂಡಿಯನ್ನು ಹಿಂದಕ್ಕೆ ಇಡ್ತೀವಿ, ಪಂಪಿನ ಬಾಯಿಯೂ ಹಿಂದೆಯೇ. ಏರುವಾಗ ಒಳ್ಳೆಯದೇ, ಎಣ್ಣೆ ತಾನಾಗಿ ಅಲ್ಲಿಗೆ ಬರುತ್ತೆ. ಇಳಿಯುವಾಗ ಬಾಯಿ ಒಣಗುತ್ತೆ. ಕಡೂರಿನ ದೊಡ್ಡ ಚೇಂಬರ್ ಇದಕ್ಕೆ ಪೂರ್ತಿ ಉತ್ತರ ಅಲ್ಲ. ಐದು ಲೀಟರ್ ಆಗಲಿ ಎಂಟು ಲೀಟರ್ ಆಗಲಿ, ಹರಿದಾಡಲು ಬಿಟ್ಟರೆ ಹರಿದೇ ಹರಿಯುತ್ತೆ. ಅದನ್ನು ತಡೆಯೋಕೆ ಒಳಗೆ ಅಡ್ಡ ತಗಡುಗಳು, ಅಂದರೆ ಬ್ಯಾಫಲ್, ಬೇಕು. ಗದ್ದೆಗೆ ಬದು ಹಾಕಿದ ಹಾಗೆ!

ರೇಸ್ ಗಾಡಿಗಳಲ್ಲಿ ಡ್ರೈ ಸಂಪ್ ಅಂತ ಇದೆ. ಎಣ್ಣೆಯನ್ನು ಬೇರೆ ಟ್ಯಾಂಕಲ್ಲಿಟ್ಟು ಪಂಪುಗಳಿಂದ ಎಳೆದು ಕೊಡೋದು. ತಳ ತೆಳ್ಳಗಿರುತ್ತೆ, ಎಷ್ಟು ಓರೆಯಾದರೂ ಚಿಂತೆ ಕಮ್ಮಿ. ಅಣ್ಣನ ಕಣ್ಣು ಸ್ವಲ್ಪ ದಿನ ಅದರ ಮೇಲಿತ್ತು. ಅದರ ಖರ್ಚು ಕೇಳಿದರೆ ದೊಡ್ಡಪ್ಪ ನಮ್ಮಿಬ್ಬರನ್ನೂ ಗುಜರಿಗೆ ಹಾಕ್ತಿದ್ರು.

ಕೊನೆಗೆ ನಾವು ಆರಿಸಿದ್ದು ಹೀಗೆ. ಉಕ್ಕಿನ ತಗಡಿನ ಚೇಂಬರ್. ಮುಂಭಾಗ ಆಕ್ಸಲ್ ಮೇಲೆ ತೆಳ್ಳಗೆ, ಗುಂಡಿ ಹಿಂದೆ. ಆಳ ಕಮ್ಮಿಯಾದ ಲೆಕ್ಕವನ್ನು ಅಗಲದಲ್ಲಿ ತುಂಬಿಸಿಕೊಂಡೆವು, ಶಾಫ್ಟು ಇಲ್ಲದ ಪಕ್ಕಕ್ಕೆ ಹೊಟ್ಟೆ ಬಿಟ್ಟು. ಗುಂಡಿಯ ಮುಂದೆ ಅಡ್ಡ ತಗಡು, ಅದರಲ್ಲಿ ಒಳಗಡೆಗೆ ಮಾತ್ರ ತೆರೆಯುವ ಪುಟ್ಟ ಬಾಗಿಲು. ಎಣ್ಣೆ ಗುಂಡಿಗೆ ಬರಬಹುದು, ವಾಪಸ್ ಹೋಗೋಕಾಗಲ್ಲ. ಈ ಎಂಜಿನ್ನಿನ ಸ್ಟ್ರೋಕ್ 94 ಮಿ.ಮೀ. ಕ್ರ್ಯಾಂಕ್ ಸುತ್ತುವಾಗ ಎಣ್ಣೆಗೆ ತಾಗಿದರೆ ಮಜ್ಜಿಗೆ ಕಡೆದ ಹಾಗೆ ನೊರೆ ಬರುತ್ತೆ, ಆ ನೊರೆ ಬೇರಿಂಗ್ ಕಾಯಲ್ಲ. ಹಾಗಾಗಿ ತುಂಬಿದ ಎಣ್ಣೆಯ ಮಟ್ಟ ಕ್ರ್ಯಾಂಕ್‌ಗೂ, ಟರ್ಬೊದಿಂದ ಎಣ್ಣೆ ವಾಪಸ್ ಬರುವ ಪೈಪಿಗೂ ಕೆಳಗೇ ಇರುವ ಹಾಗೆ ನೋಡಿಕೊಂಡೆವು.

ಜಾಗ ಅಳೆದದ್ದು ಟೇಪಿನಿಂದಲ್ಲ. ಮುಂದಿನ ಸ್ಪ್ರಿಂಗ್ ಬಿಚ್ಚಿ, ಜಾಕ್ ಕೊಟ್ಟು ಆಕ್ಸಲನ್ನು ರಬ್ಬರ್ ಸ್ಟಾಪ್‌ಗೆ ತಾಗುವವರೆಗೂ ಎತ್ತಿದೆವು. ಮಧ್ಯೆ ಮಕ್ಕಳು ಆಡುವ ಬಣ್ಣದ ಕ್ಲೇ ಮೆತ್ತಿದ್ದೆವು. ಅಮುಕಿದ ಮೇಲೆ ಉಳಿದ ದಪ್ಪವೇ ನಿಜವಾದ ಜಾಗ. ಒಂದು ಇಂಚು ಸಿಕ್ಕಿತು. ಲೀಫ್ ಸ್ಪ್ರಿಂಗ್ ಚಪ್ಪಟೆಯಾದಾಗ ಆಕ್ಸಲ್ ಮೇಲಷ್ಟೇ ಅಲ್ಲ, ತುಸು ಹಿಂದೆ ಮುಂದೆಯೂ ಸರಿಯುತ್ತೆ. ಅದಕ್ಕೂ ಜಾಗ ಬಿಟ್ಟಿದ್ದೀವಿ.

ಇನ್ನು ಆಯಿಲ್ ಡಿಪ್‌ಸ್ಟಿಕ್. ಚೇಂಬರ್ ಬದಲಾದ ಮೇಲೆ ಅದರ ಹಳೆಯ ಗೆರೆಗಳು ಸುಳ್ಳು ಹೇಳುತ್ತವೆ. ಲೀಟರ್ ಲೆಕ್ಕದಲ್ಲಿ ಅಳೆದು ಸುರಿದು, ಅರದಲ್ಲಿ ಹೊಸ ಗೆರೆ ಎಳೆದದ್ದು ದೊಡ್ಡಪ್ಪನೇ! ಎರಡು ತಿಂಗಳು ಹತ್ತಿರ ಸುಳಿಯದವರು ಅವತ್ತು ಕನ್ನಡಕ ಹಾಕಿಕೊಂಡು ಬಂದು, “ಕೊಡಿ ಇಲ್ಲಿ, ಗೆರೆ ನಾನು ಎಳೀತೀನಿ. ದಿನಾ ನೋಡೋನು ನಾನು ತಾನೆ” ಅಂದ್ರು. ಅಣ್ಣ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ.

ಎಂಜಿನ್ ಬದಲಾವಣೆಗೆ ಆರ್‌ಟಿಒ ಒಪ್ಪಿಗೆ ಬೇಕು, 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ಆ ಕಾಗದ ಬರುವವರೆಗೆ ಗಾಡಿ ತೋಟದ ಗೇಟು ದಾಟಲ್ಲ. ಒಳಗಿನ ಏರಿನಲ್ಲೇ ಹತ್ತಿಸಿ, ಇಳಿಸಿ, ಬ್ರೇಕ್ ಒತ್ತಿ ನೋಡ್ತಾ ಇದ್ದೀವಿ. ಪ್ರೆಷರ್ ಮೀಟರಿನ ಮುಳ್ಳು ಇಲ್ಲಿಯವರೆಗೆ ಕದಲಿಲ್ಲ.

ನಿಮ್ಮೂರಲ್ಲೂ ಇಂಥ ಹಳೇ ಜೀಪು ಇದ್ದರೆ, ಯಾರಾದರೂ ಎಂಜಿನ್ ಬದಲಾಯಿಸ್ತಾ ಇದ್ದರೆ ಒಂದು ಮಾತು ಹೇಳಿ. ಅಶ್ವಶಕ್ತಿ ಎಷ್ಟು ಅಂತ ಆಮೇಲೆ ಕೇಳಲಿ. ಮೊದಲು ಗಾಡಿ ಓಡುವ ದಾರಿ ನೋಡಿ, ಆಮೇಲೆ ಕೆಳಗೆ ಬಗ್ಗಿ ಆಕ್ಸಲ್ ನೋಡಿ ಚೇಂಬರ್ ಆರಿಸಲಿ. ಏನಂತೀರಿ?